ಸ್ಪೇನ್‌ನಲ್ಲಿ ಗೂಳಿಕಾಳಗ ನೋಡುವುದು ಹೇಗೆ: ಟಿಕೆಟ್ ಕೊಳ್ಳುವ ಮುಂಚಿನಿಂದ ಹೊರಗೆ ಬರುವ ತನಕ

ಸ್ಪೇನ್ ಪ್ರವಾಸ ಮುಗಿಸಿ ಬಂದವರ ಹತ್ತಿರ ಗೂಳಿಕಾಳಗದ ಮಾತು ತೆಗೆದರೆ ಕೇಳಿಸುವ ದೂರುಗಳು ಹೆಚ್ಚುಕಮ್ಮಿ ಒಂದೇ ಥರ. ಬಾರ್ಸಿಲೋನಾದಲ್ಲಿ ಹುಡುಕಿದೆವು, ಸಿಗಲಿಲ್ಲ. ಎರಡು ಗಂಟೆ ಬಿಸಿಲು ಮುಖಕ್ಕೇ ಹೊಡೆಯಿತು. ಮಗು ಮೊದಲ ಗೂಳಿಗೇ ಅಳಲು ಶುರು ಮಾಡಿತು, ಎದ್ದು ಹೊರಡೋಣ ಅಂದರೆ ದಾರಿ ಬಿಡಲಿಲ್ಲ. ಗೂಳಿಯನ್ನು ನಿಜವಾಗಿಯೂ ಸಾಯಿಸುತ್ತಾರೆ ಅಂತ ಯಾರೂ ಹೇಳಿರಲಿಲ್ಲ.

ಬಹಳ ಜನ ಮೊದಲು ಟಿಕೆಟ್ ಕೊಳ್ಳುತ್ತಾರೆ, ಅದು ಏನು ಅನ್ನುವುದು ಸೀಟಿನಲ್ಲಿ ಕೂತ ಮೇಲೆ ತಿಳಿಯುತ್ತದೆ. ತೊಂದರೆಯೆಲ್ಲ ಅಲ್ಲಿಂದಲೇ ಶುರು. ಗೂಳಿಕಾಳಗ ಸರಿಯೋ ತಪ್ಪೋ ಅನ್ನುವ ವಾದಕ್ಕೆ ಇಲ್ಲಿ ಹೋಗುವುದಿಲ್ಲ. ಆ ವಿಷಯದಲ್ಲಿ ಸ್ಪೇನಿನವರೇ ಎರಡು ಪಾಲಾಗಿದ್ದಾರೆ. ನೋಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರಿಗೆ, ನೋಡುವುದೇ ಅಂತ ತೀರ್ಮಾನಿಸಿದವರಿಗೆ ಈ ಹಂತಗಳು. ಕ್ರಮ ತಪ್ಪಿಸಬೇಡಿ.

## ಹಂತ 1: ಏನು ನೋಡಲು ಹೋಗುತ್ತಿದ್ದೀರಿ ಅಂತ ಮೊದಲು ತಿಳಿಯಿರಿ

ನಮ್ಮ ಕಡೆಯವರ ತಲೆಯಲ್ಲಿ ಇರುವುದು ಕಂಬಳ, ಇಲ್ಲವೇ ಹಾವೇರಿ ಶಿವಮೊಗ್ಗ ಕಡೆಯ ಹೋರಿ ಹಬ್ಬ. ಅಲ್ಲಿ ಪ್ರಾಣಿ ಓಡುತ್ತದೆ, ಸಂಜೆ ಕೊಟ್ಟಿಗೆಗೆ ವಾಪಸ್ ಬರುತ್ತದೆ. ಸ್ಪೇನಿನ ಕೊರ್ರಿದಾ, ಅಂದರೆ ಗೂಳಿಕಾಳಗ, ಅದಲ್ಲ. ಒಂದು ಸಂಜೆಗೆ ಆರು ಗೂಳಿ, ಮೂವರು ಮತಾದೋರ್‌ಗಳು, ಅಂದರೆ ಗೂಳಿಯ ಜೊತೆ ಕಾದಾಡಿ ಅದನ್ನು ಕೊಲ್ಲುವವರು. ಒಬ್ಬೊಬ್ಬರಿಗೆ ಎರಡು ಗೂಳಿ. ಆರೂ ಗೂಳಿಗಳು ನಿಮ್ಮ ಕಣ್ಣ ಮುಂದೆಯೇ ಸಾಯುತ್ತವೆ. ಅಪರೂಪಕ್ಕೊಮ್ಮೆ ತುಂಬಾ ಚೆನ್ನಾಗಿ ಕಾದಾಡಿದ ಗೂಳಿಗೆ ಜೀವದಾನ ಸಿಗುತ್ತದೆ. ಅದನ್ನು ನಂಬಿಕೊಂಡು ಹೋಗಬೇಡಿ.

ರಕ್ತ ಕಾಣಿಸುತ್ತದೆ. ಕಪ್ಪು ಗೂಳಿಯಾದರೆ ದೂರದಿಂದ ಮೊದಲು ಗೊತ್ತಾಗುವುದಿಲ್ಲ. ಅದು ಬಿಸಿಲಿಗೆ ತಿರುಗಿದಾಗ ಹೆಗಲಿನಿಂದ ಮುಂಗಾಲಿನ ತನಕ ಒದ್ದೆಯಾಗಿ ಹೊಳೆಯುತ್ತದೆ. ಮನುಷ್ಯರಿಗೂ ಪೆಟ್ಟಾಗುತ್ತದೆ. 2016ರ ಜುಲೈನಲ್ಲಿ ತೆರುಯೆಲ್ ಊರಿನ ಅಖಾಡದಲ್ಲಿ ವಿಕ್ತೋರ್ ಬಾರ್ರಿಯೋ ಎಂಬ ಮತಾದೋರ್ ಗೂಳಿ ತಿವಿದು ಸತ್ತರು. ಮುಂದಿನ ವರ್ಷ ಫ್ರಾನ್ಸಿನ ಒಂದು ಅಖಾಡದಲ್ಲಿ ಇವಾನ್ ಫಾಂದಿನ್ಯೋ ಕೂಡ ಹೀಗೇ ತೀರಿಕೊಂಡರು. ಇಂಥದ್ದು ಯಾವ ಸಂಜೆ ಆಗುತ್ತದೆ ಅಂತ ಹೇಳಲು ಬರುವುದಿಲ್ಲ.

ಟಿಕೆಟ್‌ಗೆ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದು ಗೂಳಿಯ ಪೂರ್ತಿ ವಿಡಿಯೋ ನೋಡಿ. ಎರಡು ನಿಮಿಷದ ಚಂದದ ತುಣುಕು ಸಾಲದು. ಬಾಗಿಲು ತೆರೆದು ಗೂಳಿ ಬರುವಲ್ಲಿಂದ ಹೇಸರಗತ್ತೆಗಳು ಅದನ್ನು ಎಳೆದುಕೊಂಡು ಹೋಗುವ ತನಕ, ಇಪ್ಪತ್ತು ನಿಮಿಷ. ಜೊತೆಗೆ ಬರುವವರೆಲ್ಲರೂ ಒಟ್ಟಿಗೆ ಕೂತು ನೋಡಿ. ಮಧ್ಯದಲ್ಲಿ ಯಾರಾದರೂ ಎದ್ದು ಹೋದರೆ ಅವರಿಗೆ ಟಿಕೆಟ್ ತೆಗೆಯಬೇಡಿ. ಈ ಒಂದು ಕೆಲಸ ಮಾಡಿದರೆ ಅರ್ಧಕ್ಕರ್ಧ ದೂರುಗಳು ಹುಟ್ಟುವುದೇ ಇಲ್ಲ.

ಮಕ್ಕಳ ವಿಷಯ. ವಯಸ್ಸಿನ ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2018ರಲ್ಲಿ, 18 ವರ್ಷದೊಳಗಿನವರನ್ನು ಇದರಿಂದ ದೂರ ಇಡಿ ಅಂತ ಸ್ಪೇನ್‌ಗೆ ಹೇಳಿತ್ತು. ಬಾಗಿಲಲ್ಲಿ ಬಿಟ್ಟರೂ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಅನ್ನುವುದೇ ನನ್ನ ಮಾತು. ಅಲ್ಲಿನ ಮಕ್ಕಳು ಅಜ್ಜನ ಜೊತೆ ಟಿವಿಯಲ್ಲಿ ನೋಡಿಕೊಂಡೇ ಬೆಳೆದಿರುತ್ತಾರೆ. ನಮ್ಮ ಮಕ್ಕಳಿಗೆ ಅದು ನೇರ ಎದೆಗೇ ಬೀಳುತ್ತದೆ.

ಸಾವು ನೋಡಲು ಆಗದವರಿಗೆ ಬೇರೆ ದಾರಿಗಳಿವೆ. ರೆಕೋರ್ತೆಸ್ ಅನ್ನುವ ಸ್ಪರ್ಧೆಯಲ್ಲಿ ಹುಡುಗರು ಕತ್ತಿ, ಈಟಿ ಏನೂ ಇಲ್ಲದೆ ಬರಿಗೈಯಲ್ಲಿ ಗೂಳಿಯ ಮುಂದೆ ನಿಂತು ಮೈ ತಿರುಗಿಸಿ ತಪ್ಪಿಸಿಕೊಳ್ಳುತ್ತಾರೆ, ಮೇಲಿಂದ ಹಾರುತ್ತಾರೆ. ನಮ್ಮವರಿಗೆ ಇದೇ ಜಾಸ್ತಿ ಹಿಡಿಸುತ್ತದೆ ಅಂತ ನನಗನ್ನಿಸುತ್ತದೆ. ಪೋರ್ಚುಗಲ್‌ನಲ್ಲಿ ಸಾಮಾನ್ಯವಾಗಿ ಗೂಳಿಯನ್ನು ಅಖಾಡದೊಳಗೆ ಕೊಲ್ಲುವುದಿಲ್ಲ. ಆದರೆ ಅಲ್ಲೂ ಬಂದೆರಿಯಾ ಎಂಬ ಚೂಪು ಕಡ್ಡಿ ಚುಚ್ಚುತ್ತಾರೆ, ಗೂಳಿಯನ್ನು ಆಮೇಲೆ ಕಣ್ಣಿಗೆ ಬೀಳದ ಕಡೆ ಕಡಿಯುವುದೇ ಹೆಚ್ಚು. ಬರೀ ಕಟ್ಟಡ ನೋಡಿದರೆ ಸಾಕು ಅನ್ನುವವರಿಗೆ ಮ್ಯಾಡ್ರಿಡ್, ಸೆವಿಲ್, ರೋಂದಾ ಮೂರೂ ಕಡೆ ಕಾಳಗ ಇಲ್ಲದ ಹೊತ್ತಿನಲ್ಲಿ ಒಳಗೆ ಹೋಗಿ ನೋಡುವ ವ್ಯವಸ್ಥೆ ಇದೆ.

## ಹಂತ 2: ಊರು ಮತ್ತು ತಾರೀಖು ಹೊಂದಿಸಿ

ಬಾರ್ಸಿಲೋನಾ ಪಟ್ಟಿಯಿಂದ ತೆಗೆದುಬಿಡಿ. ಆ ಊರು ಇರುವ ಕತಲೂನ್ಯಾ ಪ್ರಾಂತ್ಯದಲ್ಲಿ ಗೂಳಿಕಾಳಗದ ನಿಷೇಧ 2012ರಿಂದ ಜಾರಿಗೆ ಬಂತು. 2016ರಲ್ಲಿ ಸ್ಪೇನಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆದರೂ ಅಲ್ಲಿ ಕಾಳಗ ಮತ್ತೆ ಶುರುವಾಗಲಿಲ್ಲ. ಅಲ್ಲಿನ ಅಂಗಡಿಗಳಲ್ಲಿ ನಿಮ್ಮ ಹೆಸರು ಅಚ್ಚು ಹಾಕಿದ ಗೂಳಿಕಾಳಗದ ಪೋಸ್ಟರ್ ಸಿಗಬಹುದು, ಕಾಳಗ ಮಾತ್ರ ಸಿಗುವುದಿಲ್ಲ. ಕ್ಯಾನರಿ ದ್ವೀಪಗಳಲ್ಲೂ ಇಲ್ಲ.

ಮೊದಲ ಸಲ ನೋಡುವವರಿಗೆ ಮ್ಯಾಡ್ರಿಡ್‌ನ ಲಾಸ್ ವೆಂತಾಸ್ ಅಖಾಡ ಸುಲಭ. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಯುತ್ತಾರೆ, ಹಾಗಾಗಿ ಟಿಕೆಟ್ ಸಿಗುತ್ತದೆ. ಮೆಟ್ರೋ ಬಾಗಿಲಿಗೇ ಬರುತ್ತದೆ. ಸೀಸನ್ ಮಾರ್ಚ್‌ನಿಂದ ಅಕ್ಟೋಬರ್ ತನಕ. ಮೇ ತಿಂಗಳಲ್ಲಿ ಶುರುವಾಗಿ ಜೂನ್‌ಗೆ ಮುಗಿಯುವ ಸಾನ್ ಇಸಿದ್ರೋ ಜಾತ್ರೆಯಲ್ಲಿ ಹೆಚ್ಚುಕಮ್ಮಿ ದಿನಾ ಕಾಳಗ ಇರುತ್ತದೆ. ಉಳಿದ ಸಮಯದಲ್ಲಿ ಸಾಮಾನ್ಯವಾಗಿ ಭಾನುವಾರ ಅಥವಾ ಹಬ್ಬದ ದಿನ. ಡಿಸೆಂಬರ್ ರಜೆಗೆ ಹೋಗುವವರು ಇದನ್ನು ಮರೆತುಬಿಡಿ.

ಸೆವಿಲ್‌ನ ಮಾಯೆಸ್ತ್ರಾನ್ಸಾ ಚಿಕ್ಕದು, ಚಂದದ್ದು, ದುಬಾರಿ. ಈಸ್ಟರ್ ಭಾನುವಾರ ಸೀಸನ್ ಶುರು. ಏಪ್ರಿಲ್ ಜಾತ್ರೆಯ ವಾರದಲ್ಲಿ ಟಿಕೆಟ್ ಬೆಲೆಯಷ್ಟೇ ಅಲ್ಲ, ಹೋಟೆಲ್ ಬೆಲೆ ನೋಡಿದರೂ ಎದೆ ಧಸಕ್ಕೆನ್ನುತ್ತದೆ. ಜುಲೈ ಆಗಸ್ಟ್‌ನಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಮಾಲಗಾ, ಬಿಲ್ಬಾವೋ ಊರುಗಳ ಜಾತ್ರೆ ಆಗಸ್ಟ್‌ನಲ್ಲಿ, ವೆಲೆನ್ಸಿಯಾದ್ದು ಮಾರ್ಚ್‌ನಲ್ಲಿ.

ಪಾಂಪ್ಲೋನಾ ಬಗ್ಗೆ ಒಂದು ಗೊಂದಲ ಎಷ್ಟು ಹೇಳಿದರೂ ಹೋಗುವುದಿಲ್ಲ. ಜುಲೈ 7ರಿಂದ 14ರ ತನಕ ಬೆಳಿಗ್ಗೆ 8ಕ್ಕೆ ಬೀದಿಯಲ್ಲಿ ಗೂಳಿ ಓಡಿಸುವುದು ಒಂದು. ಅದು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅದೇ ದಿನ ಸಂಜೆ 6:30ಕ್ಕೆ ಕಾಳಗ ಇನ್ನೊಂದು. ಬೆಳಿಗ್ಗೆ ಓಡಿದ ಗೂಳಿಗಳೇ ಸಂಜೆ ಅಖಾಡಕ್ಕೆ ಬರುತ್ತವೆ. ಬೆಳಗಿನ ಓಟ ಅಖಾಡದೊಳಗೆ ಬಂದು ಮುಗಿಯುವುದನ್ನು ಕೂತು ನೋಡಲೂ ಟಿಕೆಟ್ ಇದೆ. ಆ ಟಿಕೆಟ್ ಹಿಡಿದು ಸಂಜೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಸಂಜೆ ಟಿಕೆಟ್‌ಗಳಲ್ಲಿ ಹೆಚ್ಚಿನವು ವರ್ಷವರ್ಷ ಕೊಳ್ಳುವ ಚಂದಾದಾರರ ಕೈಯಲ್ಲೇ ಇರುತ್ತವೆ. ಕೌಂಟರಿಗೆ ಬರುವುದು ಸ್ವಲ್ಪ ಮಾತ್ರ.

ವೀಸಾ ವಿಷಯ ಇಷ್ಟೇ. ಸ್ಪೇನ್‌ಗೆ ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು. ಮೇ ಜೂನ್‌ಗೆ ಹೋಗುವವರು ಫೆಬ್ರವರಿಯೊಳಗೆ ಅಪಾಯಿಂಟ್‌ಮೆಂಟ್ ನೋಡಿಕೊಳ್ಳಿ. ಬೇಸಿಗೆ ರಜೆಯ ಗಲಾಟೆಯಲ್ಲಿ ದಿನಾಂಕ ಸಿಗುವುದು ಕಷ್ಟ. ಕಾಳಗದ ಟಿಕೆಟ್ ವೀಸಾ ಬಂದ ಮೇಲೆ ತೆಗೆದರೆ ಸಾಕು.

## ಹಂತ 3: ಪೋಸ್ಟರ್ ಓದಲು ಕಲಿಯಿರಿ

ಕಾಳಗದ ಪೋಸ್ಟರಿಗೆ ಕರ್ತೆಲ್ ಅನ್ನುತ್ತಾರೆ. ಅದರಲ್ಲಿ ಗೂಳಿ ಸಾಕಿದ ಮನೆತನದ ಹೆಸರು, ಮತಾದೋರ್‌ಗಳ ಹೆಸರು, ಹೊತ್ತು ಇರುತ್ತದೆ. ನೀವು ಹುಡುಕಬೇಕಾದ ಪದ ಒಂದೇ: ಇದು ಯಾವ ಬಗೆಯ ಕಾಳಗ?

ಕೊರ್ರಿದಾ ದೆ ತೋರೋಸ್ ಅಂದರೆ ಪೂರ್ಣ ಪ್ರಮಾಣದ್ದು. ನಾಲ್ಕು ವರ್ಷ ತುಂಬಿದ ಗೂಳಿಗಳು. ಲಾಸ್ ವೆಂತಾಸ್‌ನಂಥ ಮೊದಲ ದರ್ಜೆಯ ಅಖಾಡದಲ್ಲಿ ಗೂಳಿ ಕಡಿಮೆಯೆಂದರೂ 460 ಕಿಲೋ ತೂಗಬೇಕು. ನೋವಿಯಾದಾ ಅಂದರೆ ಇನ್ನೂ ಪದವಿ ಸಿಗದ ಹುಡುಗರು, ಮೂರು ವರ್ಷದ ಎಳೆ ಗೂಳಿಗಳು. ರೆಹೋನಿಯೋ ಅಂದರೆ ಕುದುರೆ ಮೇಲೆ ಕೂತು ಕಾದಾಡುವುದು.

ಪ್ರವಾಸಿಗಳು ಸಿಕ್ಕಿಬೀಳುವುದು ನೋವಿಯಾದಾದಲ್ಲಿ. ಟಿಕೆಟ್ ಅಗ್ಗ, ಬೇಸಿಗೆಯಲ್ಲಿ ಸುಲಭವಾಗಿ ಸಿಗುತ್ತದೆ, ಸುಮ್ನೆ ಒಂದು ನೋಡಿ ಬರೋಣ ಅಂತ ಹೋಗುತ್ತಾರೆ. ಆದರೆ ಕತ್ತಿ ಹಾಕುವುದೇ ಈ ಕೆಲಸದಲ್ಲಿ ಅತಿ ಕಷ್ಟದ ಭಾಗ. ಕಲಿಯುವ ಹುಡುಗರ ಕೈ ಜಾಸ್ತಿ ತಪ್ಪುತ್ತದೆ. ಒಂದು ಸಲಕ್ಕೆ ಆಗಬೇಕಾದ್ದು ಮೂರು, ನಾಲ್ಕು ಸಲ ಎಳೆಯುತ್ತದೆ. ಗೂಳಿ ಬಾಯಿ ತೆರೆದು, ಗೋಡೆಗೆ ಒರಗಿ ನಿಲ್ಲುತ್ತದೆ. ನೋಡಲು ಆಗದೆ ಎದ್ದು ಬಂದವರು ಹೇಳುವುದು ಹೆಚ್ಚಾಗಿ ಇಂಥ ಸಂಜೆಗಳನ್ನೇ. ಒಂದೇ ಸಲ ನೋಡುವುದಾದರೆ ದುಡ್ಡು ಸ್ವಲ್ಪ ಜಾಸ್ತಿ ಹೋದರೂ ಅನುಭವಿಗಳ ಕೊರ್ರಿದಾ ಆರಿಸಿ. ಅಲ್ಲೂ ಕೈ ತಪ್ಪುವುದಿಲ್ಲ ಅಂತ ಏನಿಲ್ಲ, ತಪ್ಪುವುದು ಕಡಿಮೆ.

## ಹಂತ 4: ಸೀಟು ಆರಿಸುವುದು

ಇಲ್ಲಿ ಬೆಲೆ ನಿಂತಿರುವುದು ಎರಡರ ಮೇಲೆ: ಬಿಸಿಲೋ ನೆರಳೋ, ಮರಳಿಗೆ ಎಷ್ಟು ಹತ್ತಿರ.

ಸೋಲ್ ಅಂದರೆ ಬಿಸಿಲು. ಸೋಂಬ್ರಾ ಅಂದರೆ ನೆರಳು. ಸೋಲ್ ಇ ಸೋಂಬ್ರಾ ಅಂದರೆ ಶುರುವಿಗೆ ಬಿಸಿಲು, ಹೊತ್ತು ಇಳಿದ ಹಾಗೆ ನೆರಳು. ನಾವು ಬಳ್ಳಾರಿ ಬಿಸಿಲು ನೋಡಿದವರು, ಇದೇನು ಮಹಾ ಅಂತ ಸೋಲ್ ಕೊಳ್ಳುವವರಿದ್ದಾರೆ. ಸಮಸ್ಯೆ ಶಾಖ ಒಂದೇ ಅಲ್ಲ. ಸಂಜೆಯ ಇಳಿಬಿಸಿಲು ನೇರ ಕಣ್ಣಿಗೆ ಬರುತ್ತದೆ. ಮೇ ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ಸುಮಾರಿಗೆ. ಏಳಕ್ಕೆ ಶುರುವಾದರೂ ಮೊದಲ ಎರಡು ಮೂರು ಗೂಳಿಗಳನ್ನು ಕೈ ಅಡ್ಡ ಹಿಡಿದುಕೊಂಡೇ ನೋಡಬೇಕಾದೀತು.

ಸಾಲುಗಳ ಹೆಸರು ಕೆಳಗಿನಿಂದ ಮೇಲಕ್ಕೆ ಹೀಗಿವೆ. ಬರ್ರೆರಾ ಮೊದಲ ಸಾಲು. ಅದರ ಹಿಂದೆ ಕೊಂತ್ರಬರ್ರೆರಾ. ಆಮೇಲೆ ತೆಂದಿದೋ, ಇದು ಆಕಾಶದ ಕೆಳಗಿನ ದೊಡ್ಡ ಭಾಗ. ಅದರ ಮೇಲೆ ಚಾವಣಿ ಇರುವ ಗ್ರಾದಾ. ಲಾಸ್ ವೆಂತಾಸ್‌ನಲ್ಲಿ ಅದಕ್ಕೂ ಮೇಲೆ ಅಂದನಾದಾ.

ಮೊದಲ ಸಲದವರು ಬರ್ರೆರಾ ಬಿಟ್ಟುಬಿಡಿ. ಅಲ್ಲಿ ಗೂಳಿಯ ಉಸಿರು ಕೇಳಿಸುತ್ತದೆ, ರಕ್ತದ ವಾಸನೆಯೂ ಬರಬಹುದು. ದುಡ್ಡೂ ಜಾಸ್ತಿ. ನನ್ನ ಸಲಹೆ ನೆರಳಿನ ಕಡೆಯ ತೆಂದಿದೋದ ಮೇಲಿನ ಭಾಗ, ಅಥವಾ ನೆರಳಿನ ಗ್ರಾದಾ. ಅಖಾಡ ಪೂರ್ತಿ ಕಾಣುತ್ತದೆ, ಬೇಡವಾದಾಗ ಕಣ್ಣು ಬೇರೆಡೆ ತಿರುಗಿಸಲೂ ಜಾಗ ಇರುತ್ತದೆ. ಲಾಸ್ ವೆಂತಾಸ್‌ನಲ್ಲಿ ಮೇಲಿನ ಬಿಸಿಲಿನ ಸೀಟು ಹತ್ತು ಯೂರೋ ಒಳಗೂ ಸಿಕ್ಕೀತು. ನೆರಳಿನ ಬರ್ರೆರಾ ನೂರು ಯೂರೋ ದಾಟಬಹುದು.

ಅಲ್ಲಿನ 7ನೇ ತೆಂದಿದೋ ಬಗ್ಗೆ ಒಂದು ಮಾತು. ಬಿಸಿಲು ಕಡೆಯ ಈ ಭಾಗದಲ್ಲಿ ಕೂರುವವರು ಊರಿಗೇ ಹೆಸರಾದ ಕಟ್ಟುನಿಟ್ಟಿನ ಜನ. ಗೂಳಿ ಸ್ವಲ್ಪ ಕುಂಟಿದರೂ ಹಸಿರು ಕರವಸ್ತ್ರ ಬೀಸಿ, ಬದಲಾಯಿಸಿ ಅಂತ ಗಲಾಟೆ ಎಬ್ಬಿಸುತ್ತಾರೆ. ಭಾಷೆ ಬರುವವರಿಗೆ ಅದೇ ಒಂದು ಮಜಾ. ಸೆಲ್ಫಿ ತೆಗೆಯುವವರಿಗೆ ಅದು ಜಾಗ ಅಲ್ಲ.

ಪಾಂಪ್ಲೋನಾದಲ್ಲಿ ಬಿಸಿಲು ಕಡೆ ಕೂತರೆ ಕಾಳಗ ಮರೆತುಬಿಡಿ. ಅಲ್ಲಿ ಕುಣಿತ, ಬ್ಯಾಂಡು, ತಲೆ ಮೇಲೆ ವೈನ್ ಸುರಿಯುವುದು. ಹಾಳಾದರೂ ಪರವಾಗಿಲ್ಲ ಅನ್ನುವ ಬಟ್ಟೆ ಹಾಕಿಕೊಳ್ಳಿ.

## ಹಂತ 5: ಟಿಕೆಟ್ ಕೊಳ್ಳುವುದು

ಮೊದಲು ಅಖಾಡದ ಅಧಿಕೃತ ವೆಬ್‌ಸೈಟ್ ನೋಡಿ. ಹುಡುಕಿದಾಗ ಮೇಲೆ ಬರುವ ಮೊದಲ ಕೆಲವು ಫಲಿತಾಂಶಗಳು ಮರುಮಾರಾಟದವು ಆಗಿರಬಹುದು. ವೆಬ್‌ಸೈಟ್‌ನಲ್ಲಿ ಸೀಟಿನ ನಕ್ಷೆ ಕಾಣಬೇಕು, ಬೆಲೆ ಸೀಟು ಸೀಟಿಗೆ ಬೇರೆ ಇರಬೇಕು. ನಕ್ಷೆಯೇ ಇಲ್ಲದೆ, ಒಳ್ಳೆ ಸೀಟು ಗ್ಯಾರಂಟಿ ಅಂತ ಒಂದೇ ಬೆಲೆ ಹೇಳಿದರೆ ಮುಂದೆ ಹೋಗಬೇಡಿ.

ಎರಡನೆಯ ದಾರಿ ಅಖಾಡದ ಕೌಂಟರ್. ತಕಿಯಾ ಅನ್ನುತ್ತಾರೆ. ಸಾನ್ ಇಸಿದ್ರೋ ಬಿಟ್ಟು ಬೇರೆ ಭಾನುವಾರಗಳಲ್ಲಿ ಲಾಸ್ ವೆಂತಾಸ್‌ಗೆ ಕಾಳಗದ ದಿನ ಹೋದರೂ ಟಿಕೆಟ್ ಸಿಗುತ್ತದೆ. ಸೋಂಬ್ರಾ, ತೆಂದಿದೋ ಆಲ್ತೋ (ತೆಂದಿದೋದ ಮೇಲಿನ ಭಾಗ), ಎಷ್ಟು ಜನ, ಇಷ್ಟು ಹೇಳಿದರೆ ಕೆಲಸ ಆಗುತ್ತದೆ.

ಎಚ್ಚರ ವಹಿಸಬೇಕಾದ ಲಕ್ಷಣಗಳು ಕೆಲವಿವೆ. ಬೀದಿಯಲ್ಲಿ ಯಾರಾದರೂ ಪಕ್ಕಕ್ಕೆ ಕರೆದು, ಟಿಕೆಟ್ ಖಾಲಿಯಾಗಿದೆ, ನನ್ನ ಹತ್ತಿರ ಇದೆ ಅಂದರೆ ಮೊದಲು ಕೌಂಟರಿನಲ್ಲಿ ಕೇಳಿ ಬನ್ನಿ. ಟಿಕೆಟ್ ಮೇಲೆ ದಿನಾಂಕ ಇಂದಿನದೇ ನೋಡಿ. ಫ್ಲಮೆಂಕೋ ನೃತ್ಯ, ಊಟ, ಕಾಳಗ ಮೂರೂ ಸೇರಿದ ಪ್ಯಾಕೇಜ್ ಚಳಿಗಾಲದ ದಿನಾಂಕಕ್ಕೆ ಮಾರುತ್ತಿದ್ದರೆ ಕಾಳಗ ಎಲ್ಲಿ, ಯಾರದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಮಳೆ ಬಂದರೆ ಏನು? ಸಣ್ಣ ಮಳೆಗೆ ನಿಲ್ಲಿಸುವುದಿಲ್ಲ. ಶುರುವಾಗುವ ಮುಂಚೆಯೇ ರದ್ದಾದರೆ ದುಡ್ಡು ವಾಪಸ್. ಮೊದಲ ಗೂಳಿ ಮರಳಿಗೆ ಕಾಲಿಟ್ಟ ಮೇಲೆ ನಿಂತರೆ ವಾಪಸ್ ಇಲ್ಲ. ಅಲ್ಲಿನವರು ಮಳೆಗಿಂತ ಗಾಳಿಗೆ ಹೆದರುತ್ತಾರೆ. ಗಾಳಿಗೆ ಬಟ್ಟೆ ಹಾರಿದರೆ ಮತಾದೋರ್‌ನ ಮೈ ಗೂಳಿಗೆ ಕಾಣಿಸುತ್ತದೆ.

## ಹಂತ 6: ಹೊರಡುವ ಮುಂಚೆ, ಒಳಗೆ ಹೋಗುವಾಗ

ಟೋಪಿ, ತಂಪು ಕನ್ನಡಕ, ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು. ಒಂದು ಬಿಳಿ ಕರವಸ್ತ್ರ, ಅದರ ಕೆಲಸ ಆಮೇಲೆ ಹೇಳುತ್ತೇನೆ. ಗಾಜಿನ ಬಾಟಲಿ, ದೊಡ್ಡ ಬ್ಯಾಗ್ ಹೋಟೆಲಿನಲ್ಲೇ ಬಿಡಿ. ಡ್ರೆಸ್ ಕೋಡ್ ಅಂತ ಏನಿಲ್ಲ. ಆದರೆ ಸೆವಿಲ್‌ನ ನೆರಳು ಕಡೆ ಜನ ಮದುವೆಗೆ ಬಂದ ಹಾಗೆ ಇಸ್ತ್ರಿ ಬಟ್ಟೆಯಲ್ಲಿ ಬರುತ್ತಾರೆ, ಚಡ್ಡಿ ಹಾಕಿಕೊಂಡು ಹೋದರೆ ನಿಮಗೇ ಮುಜುಗರ.

ಮ್ಯಾಡ್ರಿಡ್‌ನಲ್ಲಿ ಮೆಟ್ರೋ 2 ಅಥವಾ 5ನೇ ಮಾರ್ಗ ಹಿಡಿದು ವೆಂತಾಸ್ ನಿಲ್ದಾಣದಲ್ಲಿ ಇಳಿಯಿರಿ. ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ. ಸ್ಪೇನಿನಲ್ಲಿ ಊಟ ತಡ, ಅಂಗಡಿ ತಡ. ಇದೊಂದು ಮಾತ್ರ ಗಡಿಯಾರ ನೋಡಿ ಶುರುವಾಗುತ್ತದೆ. ಹೊರಗೆ ಪ್ರತಿಭಟನೆ ಮಾಡುವವರು ಇರಬಹುದು. ವಾದಕ್ಕೆ ನಿಲ್ಲದೆ, ಫೋನ್ ಮುಖಕ್ಕೆ ಹಿಡಿಯದೆ ಮುಂದೆ ಹೋಗಿ.

ಟಿಕೆಟ್ ಮೇಲೆ ನಾಲ್ಕು ವಿಷಯ ಓದಿ: ಪುಯೆರ್ತಾ ಅಂದರೆ ಬಾಗಿಲು, ತೆಂದಿದೋ ಅಂದರೆ ಭಾಗ, ಫಿಲಾ ಅಂದರೆ ಸಾಲು, ಕೊನೆಗೆ ಸೀಟಿನ ನಂಬರ್. ಅಖಾಡ ದುಂಡಗಿದೆ. ತಪ್ಪು ಬಾಗಿಲಿಗೆ ಹೋದರೆ ಪೂರ್ತಿ ಸುತ್ತಿ ಬರಬೇಕು.

ಒಳಗೆ ಹೋದ ಕೂಡಲೇ ದಿಂಬು ಬಾಡಿಗೆಗೆ ತಗೊಳ್ಳಿ. ಒಂದೆರಡು ಯೂರೋ. ಸೀಟು ಅಂದರೆ ಕುರ್ಚಿ ಅಲ್ಲ, ಬರೀ ಕಲ್ಲಿನ ಮೆಟ್ಟಿಲು, ಅದರ ಮೇಲೆ ಬರೆದ ನಂಬರ್. ನಂಬರಿನಿಂದ ನಂಬರಿಗೆ ಒಂದು ಮೊಳ ಜಾಗ. ನಿಮ್ಮ ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತದೆ, ಹಿಂದಿನವರದ್ದು ನಿಮ್ಮ ಬೆನ್ನಿಗೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಶೌಚಾಲಯಕ್ಕೆ ಈಗಲೇ ಹೋಗಿಬನ್ನಿ.

## ಹಂತ 7: ಒಂದು ಗೂಳಿಯ ಇಪ್ಪತ್ತು ನಿಮಿಷ, ಗಡಿಯಾರದ ಜೊತೆ

ಈ ಹಂತವನ್ನು ಪ್ರಿಂಟ್ ತೆಗೆದು ಇಟ್ಟುಕೊಂಡರೂ ತಪ್ಪಿಲ್ಲ. ಮುಂದೇನು ಅಂತ ಗೊತ್ತಿದ್ದರೆ ಎಲ್ಲಿ ನೋಡಬೇಕು, ಎಲ್ಲಿ ಕಣ್ಣು ಮುಚ್ಚಬೇಕು ಎರಡೂ ನಿಮ್ಮ ಕೈಯಲ್ಲಿರುತ್ತದೆ.

ಮೊದಲು ಎಲ್ಲರ ಮೆರವಣಿಗೆ. ಮೂವರು ಮತಾದೋರ್‌ಗಳಲ್ಲಿ ಕಿರಿಯರು ನಡುವೆ ನಡೆಯುತ್ತಾರೆ. ಯಾರಾದರೂ ಬರಿತಲೆಯಲ್ಲಿ ಬಂದರೆ ಆ ಅಖಾಡಕ್ಕೆ ಅವರು ಅದೇ ಮೊದಲ ಸಲ ಬರುತ್ತಿದ್ದಾರೆ ಅಂತ ಅರ್ಥ. ಹಿರಿಯರಿಗೆ 1 ಮತ್ತು 4ನೇ ಗೂಳಿ, ನಡುವಿನವರಿಗೆ 2 ಮತ್ತು 5, ಕಿರಿಯರಿಗೆ 3 ಮತ್ತು 6.

ಒಬ್ಬರು ಹಲಗೆ ಎತ್ತಿ ತೋರಿಸುತ್ತಾರೆ. ಮುಂದೆ ಬರುವ ಗೂಳಿಯ ಹೆಸರು, ತೂಕ, ಹುಟ್ಟಿದ ತಿಂಗಳು ಅದರಲ್ಲಿರುತ್ತದೆ. ಬಾಗಿಲು ತೆರೆಯುತ್ತದೆ, ಗೂಳಿ ನುಗ್ಗುತ್ತದೆ. ಅದರ ಹೆಗಲ ಮೇಲೆ ಸಾಕಿದ ಮನೆತನದ ಬಣ್ಣದ ರಿಬ್ಬನ್. ಮತಾದೋರ್ ದೊಡ್ಡ ಬಟ್ಟೆ ಬೀಸಿ ಅದನ್ನು ಅಳೆಯುತ್ತಾರೆ. ಆ ಬಟ್ಟೆ ಕೆಂಪಲ್ಲ, ಗುಲಾಬಿ ಮತ್ತು ಹಳದಿ. ಗೂಳಿ ನುಗ್ಗುವುದು ಬಟ್ಟೆಯ ಅಲುಗಾಟಕ್ಕೆ, ಬಣ್ಣಕ್ಕಲ್ಲ. ಈ ಭಾಗವನ್ನು ಯಾರು ಬೇಕಾದರೂ ನೋಡಬಹುದು.

ಕಹಳೆ ಊದಿದ ಮೇಲೆ ಕುದುರೆ ಸವಾರರು, ಅಂದರೆ ಪಿಕಾದೋರ್‌ಗಳು ಬರುತ್ತಾರೆ. ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ, ಮೈಗೆ ದಪ್ಪ ಹಾಸಿಗೆಯಂಥ ರಕ್ಷಾಕವಚ. ಗೂಳಿ ಬಂದು ಕುದುರೆಯನ್ನು ಗುದ್ದುತ್ತದೆ, ಮೇಲಿಂದ ಸವಾರ ಅದರ ಹೆಗಲಿನ ಉಬ್ಬಿಗೆ ಈಟಿ ಒತ್ತುತ್ತಾನೆ. ಮೊದಲ ದರ್ಜೆಯ ಅಖಾಡದಲ್ಲಿ ಕಡಿಮೆಯೆಂದರೂ ಎರಡು ಸಲ. ಹೊಸಬರಿಗೆ ಮೊದಲ ಆಘಾತ ಇದೇ. ಕತ್ತಿಯ ಬಗ್ಗೆ ಕೇಳಿರುತ್ತಾರೆ, ಈಟಿಯ ಬಗ್ಗೆ ಕೇಳಿರುವುದಿಲ್ಲ. ಸವಾರ ಜಾಸ್ತಿ ಒತ್ತಿದರೆ ಅಲ್ಲಿನ ಜನರೇ ಕೂಗುತ್ತಾರೆ.

ಮತ್ತೆ ಕಹಳೆ. ಈಗ ಬಣ್ಣದ ಕಾಗದ ಸುತ್ತಿದ ಚೂಪು ಕಡ್ಡಿಗಳು, ಬಂದೆರಿಯಾಗಳು. ಎರಡೆರಡರಂತೆ ಸಾಮಾನ್ಯವಾಗಿ ಮೂರು ಜೊತೆ. ಓಡಿ ಬಂದು, ಕೊಂಬಿನ ಮೇಲಿಂದ ಬಾಗಿ ಚುಚ್ಚಿ, ಪಕ್ಕಕ್ಕೆ ಜಿಗಿಯುತ್ತಾರೆ. ಬೇಗ ಮುಗಿಯುತ್ತದೆ.

ಮೂರನೆಯ ಕಹಳೆಗೆ ಮತಾದೋರ್ ಒಬ್ಬರೇ. ಈಗ ಕೈಯಲ್ಲಿ ಚಿಕ್ಕ ಕೆಂಪು ಬಟ್ಟೆ, ಮುಲೇತಾ. ಇಲ್ಲಿಂದ ನಿಮ್ಮ ಗಡಿಯಾರ ನೋಡಿ. ಹತ್ತು ನಿಮಿಷದೊಳಗೆ ಗೂಳಿ ಬೀಳದಿದ್ದರೆ ಎಚ್ಚರಿಕೆಯ ಕಹಳೆ ಊದುತ್ತಾರೆ. ಮೂರು ನಿಮಿಷ ಬಿಟ್ಟು ಎರಡನೆಯದು, ಇನ್ನೆರಡು ನಿಮಿಷಕ್ಕೆ ಮೂರನೆಯದು. ಮೂರನೆಯದು ಮೊಳಗಿದರೆ ಗೂಳಿ ಜೀವಂತ ಒಳಗೆ ಹೋಗಬೇಕು. ಮತಾದೋರ್‌ಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಇಲ್ಲಿ ನೋಡಬೇಕಾದ್ದು ಮತಾದೋರ್‌ನ ಕಾಲು. ಬಟ್ಟೆಯ ಆಟ ಎಷ್ಟೇ ಭರ್ಜರಿ ಇರಲಿ, ಕಾಲು ಹಿಂದೆ ಸರಿಯುತ್ತಿದ್ದರೆ ಮ್ಯಾಡ್ರಿಡ್ ಜನ ಒಪ್ಪುವುದಿಲ್ಲ. ಕಾಲು ನೆಟ್ಟು, ಗೂಳಿಯನ್ನು ನಿಧಾನವಾಗಿ ಸೊಂಟದ ಸುತ್ತ ಎಳೆದರೆ ಓಲೇ ಅನ್ನುವ ಕೂಗು ತಾನಾಗಿ ಏಳುತ್ತದೆ.

ಕೊನೆ ಬಂತು ಅಂತ ತಿಳಿಯುವುದು ಹೀಗೆ. ಮತಾದೋರ್ ಬೇಲಿ ಹತ್ತಿರ ಹೋಗಿ ಕೈಯಲ್ಲಿದ್ದ ಹಗುರ ಕತ್ತಿ ಕೊಟ್ಟು ಉಕ್ಕಿನ ಕತ್ತಿ ತಗೊಳ್ಳುತ್ತಾರೆ. ಜನ ಸದ್ದಡಗುತ್ತಾರೆ. ನೋಡಲು ಬೇಡವಾದವರು ತಲೆ ತಗ್ಗಿಸಬೇಕಾದ್ದು ಈಗ. ಕತ್ತಿ ಸರಿಯಾಗಿ ಇಳಿದರೆ ಗೂಳಿ ಕೆಲವು ಕ್ಷಣಗಳಲ್ಲಿ ಮಂಡಿಯೂರುತ್ತದೆ, ಒಬ್ಬರು ಬಂದು ಚಿಕ್ಕ ಚೂರಿಯಿಂದ ಮುಗಿಸುತ್ತಾರೆ. ಸರಿಯಾಗದಿದ್ದರೆ ಮತ್ತೆ ಕತ್ತಿ, ಆಮೇಲೆ ಕತ್ತಿನ ಹಿಂಭಾಗಕ್ಕೆ ಇನ್ನೊಂದು ಬಗೆಯ ಕತ್ತಿ. ಗೆಜ್ಜೆ ಕಟ್ಟಿದ ಹೇಸರಗತ್ತೆಗಳು ಬಂದು ಗೂಳಿಯನ್ನು ಎಳೆದೊಯ್ಯುತ್ತವೆ. ಮರಳು ಸರಿಮಾಡುವವರು ಗುರುತೇ ಉಳಿಯದ ಹಾಗೆ ಕುಂಟೆ ಹೊಡೆಯುತ್ತಾರೆ. ಮತ್ತೆ ಹಲಗೆ ಬರುತ್ತದೆ. ಹೀಗೆ ಆರು ಸಲ.

## ಹಂತ 8: ಜನರ ನಡುವೆ ಹೇಗಿರಬೇಕು

ಮೊದಲ ನಿಯಮ: ಗೂಳಿ ಮರಳಿನ ಮೇಲಿರುವಾಗ ಎದ್ದು ಓಡಾಡುವಂತಿಲ್ಲ. ತಡವಾಗಿ ಬಂದರೆ ಆ ಗೂಳಿ ಮುಗಿಯುವ ತನಕ ಮೆಟ್ಟಿಲ ಬಾಯಲ್ಲೇ ಕಾಯಬೇಕು. ಹೊರಗೆ ಹೋಗುವವರಿಗೂ ಅದೇ.

ಶಿಳ್ಳೆ ಹೊಡೆಯಬೇಡಿ. ನಮ್ಮ ಥಿಯೇಟರಿನಲ್ಲಿ ಹೀರೋ ಬಂದಾಗ ಬೀಳುವ ಶಿಳ್ಳೆ ಮೆಚ್ಚುಗೆ. ಅಲ್ಲಿ ಶಿಳ್ಳೆ ಅಂದರೆ ಛೀಮಾರಿ. ಖುಷಿಯಲ್ಲಿ ಬೆರಳು ಬಾಯಿಗಿಟ್ಟರೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡುತ್ತಾರೆ. ಎಲ್ಲರೂ ನಿಧಾನವಾಗಿ ತಾಳ ಹಾಕಿದ ಹಾಗೆ ಚಪ್ಪಾಳೆ ತಟ್ಟುತ್ತಿದ್ದರೆ ಅದೂ ಅಸಮಾಧಾನವೇ, ಸೇರಿಕೊಳ್ಳಬೇಡಿ.

ಈಗ ಕರವಸ್ತ್ರ. ಗೂಳಿ ಬಿದ್ದ ಮೇಲೆ ಜನ ಬಿಳಿ ಕರವಸ್ತ್ರ ಬೀಸಿದರೆ ಮತಾದೋರ್‌ಗೆ ಬಹುಮಾನ ಕೊಡಿ ಅಂತ ಕೇಳುತ್ತಿದ್ದಾರೆ ಅಂತ ಅರ್ಥ. ಬಹುಮಾನ ಅಂದರೆ ಆ ಗೂಳಿಯ ಕಿವಿ, ಕತ್ತರಿಸಿ ಕೊಡುತ್ತಾರೆ. ಮೊದಲ ಕಿವಿ ಜನರ ಬೇಡಿಕೆಗೆ, ಎರಡನೆಯದು ಕಾಳಗ ನಡೆಸಿಕೊಡುವ ಅಧ್ಯಕ್ಷರ ತೀರ್ಮಾನಕ್ಕೆ ಬಿಟ್ಟದ್ದು. ನಿಮಗೆ ನಿಜವಾಗಿ ಇಷ್ಟವಾದರೆ ಬೀಸಿ. ಎಲ್ಲರೂ ಬೀಸುತ್ತಿದ್ದಾರೆ ಅಂತ ಬೀಸಬೇಕಾಗಿಲ್ಲ. ಪ್ರವಾಸಿಗಳು ಸುಮ್ನೆ ಬೀಸಿ ಕಿವಿಯ ಬೆಲೆ ಕೆಡಿಸಿದರು ಅಂತ ಹಳೆ ಅಭಿಮಾನಿಗಳಿಗೆ ಯಾವಾಗಲೂ ಸಿಟ್ಟು.

ಸೆವಿಲ್‌ನಲ್ಲಿ ಮೌನವೂ ನಿಯಮದ ಹಾಗೆಯೇ. ಸಾವಿರಾರು ಜನ ಕೂತಿದ್ದರೂ ಮತಾದೋರ್ ಗೂಳಿಯನ್ನು ಕರೆಯುವ ದನಿ ಮೇಲಿನ ಸಾಲಿಗೂ ಕೇಳುತ್ತದೆ. ಅಲ್ಲಿ ಪಕ್ಕದವರಿಗೆ ಕಾಮೆಂಟರಿ ಕೊಡಬೇಡಿ. ಫೋಟೋಗೆ ಅಡ್ಡಿ ಇಲ್ಲ, ಫ್ಲಾಶ್ ಬೇಡ, ಫೋನ್ ಎತ್ತಿ ಹಿಂದಿನವರಿಗೆ ಅಡ್ಡ ಹಿಡಿಯಬೇಡಿ. ಎಷ್ಟೇ ಸಿಟ್ಟು ಬಂದರೂ ದಿಂಬು ಅಖಾಡಕ್ಕೆ ಎಸೆಯಬೇಡಿ, ದಂಡ ಬೀಳಬಹುದು.

## ಹಂತ 9: ಬೇಡ ಅನ್ನಿಸಿದರೆ ಹೊರಡುವುದು

ಒಂದು ಗೂಳಿಗೇ ಸಾಕು ಅನ್ನಿಸಿದರೆ ಅದರಲ್ಲಿ ನಾಚಿಕೆ ಏನಿಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಎರಡನೆಯ ಗೂಳಿ ಮುಗಿಯುವಾಗ ಸಾಲುಗಟ್ಟಿ ಹೊರಡುವ ವಿದೇಶಿಯರನ್ನು ಮ್ಯಾಡ್ರಿಡ್ ಜನ ನೋಡುತ್ತಲೇ ಇರುತ್ತಾರೆ. ಹೇಸರಗತ್ತೆಗಳು ಮರಳಿಗೆ ಬಂದ ಕೂಡಲೇ ಎದ್ದೇಳಿ. ಮುಂದಿನ ಹಲಗೆ ಬರುವ ತನಕ ನಿಮಗೆ ಮೂರ್ನಾಲ್ಕು ನಿಮಿಷ ಇರುತ್ತದೆ. ಸಾಲಿನ ನಡುವೆ ಕೂತವರಿಗೆ ಅದು ಸಾಲದೆ ಬರಬಹುದು. ಆದ್ದರಿಂದ ಅನುಮಾನ ಇರುವವರು ಟಿಕೆಟ್ ತೆಗೆಯುವಾಗಲೇ ಸಾಲಿನ ತುದಿಯ ಸೀಟು ಆರಿಸಬೇಕು. ಹೊರಗೆ ಹೋದ ಮೇಲೆ ಮತ್ತೆ ಒಳಗೆ ಬಿಡುತ್ತಾರೆ ಅಂತ ಲೆಕ್ಕ ಹಾಕಬೇಡಿ.

ತಲೆ ಸುತ್ತು, ಬೆವರು, ವಾಕರಿಕೆ ಬಂದರೆ ಗೂಳಿ ಇದ್ದರೂ ಸರಿ, ಅಲ್ಲಿನ ಸಿಬ್ಬಂದಿಗೆ ಕೈ ತೋರಿಸಿ. ಬಿಸಿಲೋ ರಕ್ತವೋ ಅಂತ ಅವರು ಕೇಳುವುದಿಲ್ಲ. ಗುಂಪಿನಲ್ಲಿ ಹೋದವರು ಮುಂಚೆಯೇ ಮಾತಾಡಿಕೊಳ್ಳಿ: ಒಬ್ಬರು ಹೊರಟರೆ ಯಾರು ಜೊತೆ ಹೋಗುವುದು, ಎಲ್ಲಿ ಕಾಯುವುದು. ಲಾಸ್ ವೆಂತಾಸ್ ಆದರೆ ಮುಖ್ಯ ಬಾಗಿಲಿನ ಮುಂದಿನ ಬಯಲು ಒಳ್ಳೆ ಜಾಗ. ನಿಮ್ಮ ಬಾಗಿಲಿನ ನಂಬರ್ ಹೇಳಿದರೆ ಸಾಲದು. ಮುಗಿದ ಮೇಲೆ ಎಲ್ಲ ಬಾಗಿಲಿನಿಂದಲೂ ಜನ ಒಟ್ಟಿಗೆ ಸುರಿಯುತ್ತಾರೆ.

ಕೊನೆ ತನಕ ಕೂತವರು ಆರನೆಯ ಗೂಳಿ ಮುಗಿದ ಕೂಡಲೇ ಮೆಟ್ರೋಗೆ ಓಡಬೇಡಿ. ಇಡೀ ಜನ ಅದೇ ಮೆಟ್ಟಿಲು ಇಳಿಯುತ್ತದೆ. ಅರ್ಧ ಗಂಟೆ ತಡ ಮಾಡಿ, ಇಲ್ಲ ಒಂದು ನಿಲ್ದಾಣ ನಡೆದು ಹೋಗಿ. ಊಟಕ್ಕೆ ಸುತ್ತಲಿನ ಬಾರುಗಳಿಗೆ ಹೋದರೆ ಮೆನುವಿನಲ್ಲಿ ರಾಬೋ ದೆ ತೋರೋ ಅಂತ ಕಾಣುತ್ತದೆ, ಅದು ದನದ ಬಾಲದ ಮಾಂಸ. ಸಸ್ಯಾಹಾರಿಗಳು ಬರೀ ತೋರ್ತಿಯಾ ಅಂದರೆ ಮೊಟ್ಟೆ ಬಂದೀತು, ಆಲೂಗಡ್ಡೆ ಹಾಕಿದ್ದರೂ ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಪಿಮಿಯೆಂತೋಸ್ ದೆ ಪದ್ರೋನ್ ಕೇಳಿ, ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಹಸಿ ಮೆಣಸಿನಕಾಯಿ. ಜೊತೆಗೆ ಬ್ರೆಡ್ಡು. ಅಲ್ಲೊಂದು ಇಲ್ಲೊಂದು ಖಾರ ಇರುತ್ತದೆ, ನಮಗೆ ಅದು ಲೆಕ್ಕಕ್ಕಿಲ್ಲ.